ಇಪ್ಪತ್ತೆರಡನೇ ನಿಮಿಷ

ಬೆಳಗ್ಗೆ ಏಳೂವರೆಗೆ ಕಂಪ್ಯೂಟರ್ ನಾಲ್ಕನೇ ಸಲ ಕೈಕೊಟ್ಟಿತು. ಒಂದು ಎಚ್ಚರಿಕೆ ಇಲ್ಲ, ತಪ್ಪಾಯಿತು ಎಂಬ ಮಾತಿಲ್ಲ. ಪರದೆ ತಟಕ್ಕನೆ ಕಪ್ಪಾಯಿತು, ಒಳಗಿನ ಫ್ಯಾನುಗಳು ಒಂದು ಕ್ಷಣ ಸುಮ್ಮನಾಗಿ ಮತ್ತೆ ಬುರ್ ಎಂದು ಶುರುವಾದವು, ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಪರದೆಯ ಮೇಲೆ 'ಸುಸ್ವಾಗತ' ಎಂದು ಮೂಡಿತು.

"ನಿನ್ನ ಸ್ವಾಗತಕ್ಕಿಷ್ಟು ಬೆಂಕಿ ಹಾಕ!" ಎಂದಳು ಸ್ಪ್ಯಾನರಮ್ಮ.

ಸ್ಪ್ಯಾನರಮ್ಮ ಅವಳ ಹೆಸರಲ್ಲ, ಭಾವ ಇಟ್ಟ ಅಡ್ಡಹೆಸರು. ಹೇಳಿ ಕೇಳಿ ಲಿಫ್ಟ್ ಮೆಕ್ಯಾನಿಕ್. ಹದಿನೆಂಟು ವರ್ಷದಿಂದ ಕಟ್ಟಡ ಕಟ್ಟಡ ಸುತ್ತಿ, ನಡುಮಹಡಿಯಲ್ಲಿ ನಿಂತ ಲಿಫ್ಟುಗಳಿಂದ ಜನರನ್ನು ಇಳಿಸಿ ರೂಢಿಯಾದವಳು. ಅಕ್ಕನ ಮನೆಯ ಮೇಲಿನ ಒಂಟಿ ಕೋಣೆಯಲ್ಲಿ ವಾಸ. ನಲವತ್ತೆರಡು ತುಂಬಿದ್ದರೂ ರಜೆಯ ದಿನ ಕಂಪ್ಯೂಟರಿನ ಮುಂದೆ ಕೂತು ಕಾರ್ ರೇಸ್ ಆಡುವ ಚಟ. ಅದಕ್ಕೆಂದೇ ಬಿಡಿಭಾಗ ಒಂದೊಂದೇ ತಂದು ಈ ಯಂತ್ರವನ್ನು ತಾನೇ ಜೋಡಿಸಿದ್ದಳು. ಒಳಗೆ ಭಾರಿ ಲೆಕ್ಕಗಳನ್ನು ಸರಸರನೆ ಮಾಡುವ ದಪ್ಪನೆಯ ಗ್ರಾಫಿಕ್ಸ್ ಕಾರ್ಡ್ ಇತ್ತು. ಮೂರು ವರ್ಷದಲ್ಲಿ ಒಂದು ದಿನವೂ ಯಂತ್ರ ಹೀಗೆ ಮಾನ ಕಳೆದಿರಲಿಲ್ಲ.

ಕಳೆಯಲು ಇವತ್ತೇ ಬೇಕಾಗಿತ್ತೇ? ಇವತ್ತು ಸಂಜೆ ನಾಲ್ಕಕ್ಕೆ ಭಾವ ಆಸ್ಪತ್ರೆಗೆ ಸೇರಬೇಕು. ನಾಳೆ ಬೆಳಗ್ಗೆ ಅವರ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕುತ್ತಾರೆ. ಗಂಟಲಿನ ಗಡ್ಡೆ ಅಲ್ಲಿಯವರೆಗೂ ಹೋಗಿಬಿಟ್ಟಿದೆ, ಬೇರೆ ದಾರಿ ಇಲ್ಲ. ಆಮೇಲೆ ಉಸಿರು ಕತ್ತಿನ ತೂತಿನಿಂದ, ಮಾತು ಎಲ್ಲಿಂದಲೂ ಇಲ್ಲ.

ಭಾವ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಮೂವತ್ತು ವರ್ಷ ಕೂಗಿದ ಗಂಟಲು. ಮನೆಯಲ್ಲೂ ಅವರು ಮಾತಾಡುತ್ತಿರಲಿಲ್ಲ, ಕೂಗುತ್ತಿದ್ದರು. ನೀರು ಬೇಕಾದರೂ ಕೂಗು, ಟವೆಲ್ ಬೇಕಾದರೂ ಕೂಗು, ಮನೆಯೊಳಗಿನ ಗುಟ್ಟು ಹೇಳಿದರೂ ಬೀದಿಯವರಿಗೆಲ್ಲ ತಿಳಿಯುತ್ತಿತ್ತು. ಅಂಥವರಿಗೆ ಧ್ವನಿ ತೆಗೆಯುತ್ತೇವೆ ಎಂದರೆ ಸುಮ್ಮನೆ ತಲೆಯಾಡಿಸಿ ಬರುತ್ತಾರೆಯೇ? ಎರಡು ಸಲ ತಪ್ಪಿಸಿಕೊಂಡರು. ಮೊದಲ ಸಲ ಮಂಡಿಯಲ್ಲಿ ಸುಗ್ಗಿ ಅಂದರು. ಎರಡನೆಯ ಸಲ ಕಾರು ಬಾಗಿಲಿಗೆ ಬಂದ ಮೇಲೆ ಜ್ವರ ಅಂದರು, ಥರ್ಮಾಮೀಟರ್ ಇಟ್ಟರೆ ಜ್ವರವೂ ಇಲ್ಲ, ಗಿರವೂ ಇಲ್ಲ. ಡಾಕ್ಟರ್ ಅಕ್ಕನನ್ನು ಒಬ್ಬಳನ್ನೇ ಒಳಗೆ ಕರೆದು, "ಇನ್ನೊಂದು ಸಲ ಮುಂದಕ್ಕೆ ಹಾಕಿದ್ರೆ ನನ್ನ ಹತ್ರ ಬರೋ ಅಗತ್ಯ ಇರಲ್ಲಮ್ಮ," ಎಂದಿದ್ದರು. ಅಕ್ಕ ಅದನ್ನು ಗಂಡನಿಗೆ ಹೇಳಲಿಲ್ಲ. ತಂಗಿಗೆ ಹೇಳಿದಳು, ಹೇಳಿ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಅತ್ತಳು.

ಆಗ ದಾರಿ ತೋರಿಸಿದವಳು ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್. ಈಗಲೇ ಆರುನೂರು ವಾಕ್ಯ ಓದಿ ರೆಕಾರ್ಡ್ ಮಾಡಿಟ್ಟರೆ ಕಂಪ್ಯೂಟರ್ ಅದನ್ನು ಕಲಿತು ಭಾವನದೇ ಧ್ವನಿಯನ್ನು ಕಟ್ಟಿಕೊಡುತ್ತದೆ, ಆಮೇಲೆ ಏನು ಟೈಪ್ ಮಾಡಿದರೂ ಆ ಧ್ವನಿಯಲ್ಲೇ ಹೇಳುತ್ತದೆ ಎಂದಳು. ಭಾವ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ನನ್ನ ಧ್ವನಿ ಆ ಡಬ್ಬಿಯಿಂದ ಬಂದದ್ದನ್ನ ನಾನು ನನ್ನ ಕಿವಿಯಲ್ಲಿ ಕೇಳ್ಬೇಕು. ಕೇಳಿದ ಮೇಲೇನೇ ಹೊಸ್ತಿಲು ದಾಟೋದು. ಇಲ್ಲಾಂದ್ರೆ ಜಪ್ಪಯ್ಯ ಅಂದ್ರೂ ಬರಲ್ಲ."

ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಓದಲು ಗಂಟಲು ಬಿಡುತ್ತಿರಲಿಲ್ಲ. ಮೇಲಿದ್ದ ಕಂಪ್ಯೂಟರನ್ನು ಕೆಳಗಿನ ಸಣ್ಣ ಕೋಣೆಗೆ ತಂದು, ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಮೈಕು ನಿಲ್ಲಿಸಿ, ನಾಲ್ಕು ವಾರ ಓದಿಸಿದರು. ಆರುನೂರನೆಯ ವಾಕ್ಯ ಮುಗಿದದ್ದು ಮೊನ್ನೆ. ನಿನ್ನೆ ಸಂಜೆ ಸ್ಪ್ಯಾನರಮ್ಮ ಕೆಲಸದಿಂದ ಬಂದವಳೇ ಧ್ವನಿ ಕಟ್ಟಲು ಕೂತಳು. ಮೊದಲೆರಡು ಹಂತ ಸಲೀಸಾಗಿ ಆದವು. ಮೂರನೆಯದು ಯಂತ್ರದ ಶಕ್ತಿಯನ್ನೆಲ್ಲ ಹಿಂಡುವ ಹಂತ, ಎರಡು ಮುಕ್ಕಾಲು ಗಂಟೆಯ ಕೆಲಸ. ಒಂದೇ ಉಸಿರಿಗೆ ಮುಗಿಯಬೇಕು, ನಡುವೆ ನಿಂತರೆ ಮತ್ತೆ ಮೊದಲಿಂದ. ಇಪ್ಪತ್ತೆರಡನೇ ನಿಮಿಷಕ್ಕೆ ಕಂಪ್ಯೂಟರ್ ತಾನಾಗಿ ಬಿದ್ದು ಎದ್ದಿತು. ಮತ್ತೆ ಹಚ್ಚಿದಳು, ಮತ್ತೆ ಬಿತ್ತು. ಮೂರು ಸಲ ಹಾಗಾದ ಮೇಲೆ ಬೆಳಗ್ಗೆ ನೋಡೋಣ ಎಂದು ಮಲಗಿದಳು. ನಿದ್ದೆ ಎಲ್ಲಿಂದ ಬರಬೇಕು!

ಈಗ ಬೆಳಗ್ಗೆಯೂ ಬಿತ್ತು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಾರು ಮೂರೂವರೆಗೆ. ಅಂದರೆ ಹನ್ನೆರಡು ಮುಕ್ಕಾಲಿಗೆ ಮೊದಲು ಮೂರನೇ ಹಂತ ಶುರುವಾಗಿ, ನಿಲ್ಲದೆ ಓಡಬೇಕು. ಅದು ತಪ್ಪಿದರೆ ಭಾವ ಹೊರಡುವುದಿಲ್ಲ, ಭಾವ ಹೊರಡದಿದ್ದರೆ ಮುಂದಿನದನ್ನು ಅವಳು ಯೋಚಿಸಲು ಹೋಗಲಿಲ್ಲ.

ಬಾಗಿಲ ಬಳಿಯ ಕುರ್ಚಿಯಲ್ಲಿ ಭಾವ ಕೂತಿದ್ದರು. ಶರ್ಟು ಇಸ್ತ್ರಿಯದು, ತಲೆ ಬಾಚಿದೆ, ಕನ್ನಡಕ ನೆತ್ತಿಯ ಮೇಲೆ. ಕಟ್ಟಿದ ಧ್ವನಿಯಲ್ಲಿ ಏನಾದರೂ ಕೊರತೆ ಕಂಡರೆ ಇನ್ನಷ್ಟು ವಾಕ್ಯ ಓದಬೇಕಾಗಬಹುದು, ಅದಕ್ಕಾಗಿ ಇವತ್ತು ಗಂಟಲು ಉಳಿಸಿ ಎಂದು ಥೆರಪಿಸ್ಟ್ ಕಟ್ಟುನಿಟ್ಟಾಗಿ ಹೇಳಿದ್ದಳು. ಹಾಗಾಗಿ ಬೆಳಗ್ಗಿನಿಂದ ಅವರು ತುಟಿ ಪಿಟಕ್ಕೆಂದಿರಲಿಲ್ಲ. ಅಕ್ಕ ಒಂದು ನೋಟ್‌ಪುಸ್ತಕವನ್ನೂ ಪೆನ್ನನ್ನೂ ಕೈಗಿತ್ತರೆ ಅವನ್ನು ಕುರ್ಚಿಯ ಕೆಳಗೆ ತಳ್ಳಿದ್ದರು. ಚೀಟಿ ಬರೆಯುವುದು ನಾಳೆಯಿಂದ ಇದ್ದೇ ಇದೆ, ಇವತ್ತು ಬರೆಯುವುದಿಲ್ಲ ಎಂಬ ಪಟ್ಟು.

"ಅಕ್ಕಾ," ಎಂದು ಸ್ಪ್ಯಾನರಮ್ಮ ಕೂಗಿದಳು. "ಕೆಟ್ಟ ಲಿಫ್ಟಿನ ಮುಂದೆ ನಾನು ಕೇಳೋ ಮೊದಲನೇ ಪ್ರಶ್ನೆ ಇದು. ಏನು ಬದಲಾಯ್ತು? ಹೋದ ತಿಂಗಳು ಮೇಲಿನ ಕೋಣೆಯಲ್ಲಿ ನಾನು ಮೂರು ಮೂರು ಗಂಟೆ ಆಟ ಆಡಿದ್ದೀನಿ, ಒಂದ್ಸಲಾನೂ ಬಿದ್ದಿಲ್ಲ. ಈಗ ಯಾಕೆ?"

ಅಕ್ಕ ಒಳಗೆ ಆಸ್ಪತ್ರೆಯ ಬ್ಯಾಗಿಗೆ ಬಟ್ಟೆ ಮಡಿಸುತ್ತಿದ್ದಳು. "ಏನು ಬದಲಾಗುತ್ತೆ ಮಾರಾಯ್ತಿ! ಮೇಲಿಂದ ಕೆಳಗೆ ತಂದ್ವಿ, ಅಷ್ಟೇ. ನಾನಂತೂ ಧೂಳು ಒರೆಸೋಕೂ ಮುಟ್ಟಿಲ್ಲ."

ಲಿಫ್ಟ್ ಕೆಟ್ಟ ಕಟ್ಟಡದವರೂ ಹೀಗೇ ಹೇಳುತ್ತಾರೆ, ಏನೂ ಬದಲಾಗಿಲ್ಲ ಅಂತ. ಆಮೇಲೆ ನೋಡಿದರೆ ಬೀರು ಸಾಗಿಸುವಾಗ ಲಿಫ್ಟಿನ ಬಾಗಿಲು ಮುಚ್ಚದಂತೆ ಇಟ್ಟಿಗೆ ಕೊಟ್ಟಿರುತ್ತಾರೆ. ಅವಳಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅಕ್ಕನ ಮಾತನ್ನೇ ನಂಬಿ, ಕೋಣೆ ಬದಲಾಗಿದೆ, ಹಾಗಾದರೆ ಗೋಡೆಯ ಪ್ಲಗ್ಗಿನ ಮೇಲೆ ಅನುಮಾನ ಎಂದು ಕಾಗದದ ಮೇಲೆ ಬರೆದಳು. ಒಂದು ಬದಲಾವಣೆ, ಒಂದು ಪರೀಕ್ಷೆ, ಒಂದು ಗೀಟು, ಇದು ಅವಳ ಕೆಲಸದ ಪದ್ಧತಿ. ಒಟ್ಟಿಗೆ ನಾಲ್ಕು ಕಡೆ ಕೈ ಹಾಕಿದರೆ ಸರಿಯಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಅಡುಗೆಮನೆಯ ಫ್ರಿಜ್ಜಿನ ಪ್ಲಗ್ಗಿನಿಂದ ಉದ್ದದ ವೈರು ಎಳೆದು ಏಳು ಐವತ್ತಕ್ಕೆ ಹಚ್ಚಿದಳು. ಎಂಟು ಹನ್ನೆರಡಕ್ಕೆ ಬಿತ್ತು. ಪ್ಲಗ್ಗಿನ ಮೇಲೆ ಗೀಟು.

ಬಿದ್ದದ್ದೇಕೆ ಎಂದು ಕಂಪ್ಯೂಟರಿನ ದಾಖಲೆಯನ್ನೇ ತೆರೆದು ನೋಡಿದಳು. 'ಹಿಂದಿನ ಬಾರಿ ಸರಿಯಾಗಿ ಮುಚ್ಚದೆ ನಿಂತುಹೋಗಿತ್ತು' ಎಂದಷ್ಟೇ ಬರೆದಿತ್ತು. "ಅಯ್ಯೋ ಜಾಣ, ಅದು ನನಗೂ ಗೊತ್ತು ಕಣೋ!"

ಮುಂದಿನ ಅನುಮಾನ ಬಿಸಿಯ ಮೇಲೆ. ಕಾವು ತೋರಿಸುವ ಪುಟವನ್ನು ಮೂಲೆಯಲ್ಲಿ ತೆರೆದಿಟ್ಟು, ಎಂಟೂ ಇಪ್ಪತ್ತೈದಕ್ಕೆ ಹಚ್ಚಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ನಿಮಿಷಕ್ಕೊಮ್ಮೆ ಬರೆದುಕೊಂಡಳು. ಪ್ರೊಸೆಸರ್ ಅರವತ್ತೆಂಟು ಡಿಗ್ರಿ, ಕಾರ್ಡು ಎಪ್ಪತ್ತಮೂರು. ಈ ಹೊರೆಗೆ ಅದು ತಂಪೇ, ಎರಡೂ ಮರ್ಯಾದಸ್ಥರ ಹಾಗೆ ಅಲ್ಲೇ ನಿಂತಿದ್ದವು. ಎಂಟೂ ನಲವತ್ತಾರಕ್ಕೆ ಪರದೆ ಕಪ್ಪು. 'ಬಿಸಿ' ಎಂಬ ಪದದ ಮೇಲೆ ಅವಳು ಎರಡು ಗೀಟು ಎಳೆದಳು.

ಭಾವ ಕುರ್ಚಿಯಿಂದ ಎದ್ದು ಹತ್ತಿರ ಬಂದರು. ಮೇಜಿನ ಕಡೆ ಕೈ ಮಾಡಿ, "ಅದರ ಕೆಳ..." ಎಂದರು. ನಾಲ್ಕು ವಾರದ ಓದಿನಲ್ಲಿ ಸವೆದು, ಒಡೆದ ಕೊಳವೆಯಲ್ಲಿ ಗಾಳಿ ಹೋದಂಥ ಸ್ವರ.

"ಶ್! ಭಾವಾ, ಒಂದಕ್ಷರ ಆಡ್ಬೇಡಿ. ಉಳಿದಿರೋದನ್ನ ಉಳಿಸ್ಕೊಳ್ಳಿ. ಹೋಗಿ, ಕೂತ್ಕೊಳ್ಳಿ."

ಭಾವ ಹೋಗಿ ಕೂತರು.

ಒಂಬತ್ತರಿಂದ ಹತ್ತರವರೆಗೆ ಮೆಮೊರಿ ಕಡ್ಡಿಗಳ ಸರದಿ. ಕಂಪ್ಯೂಟರಿನ ಹೊರಪೆಟ್ಟಿಗೆಯಾದ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿ, ಎರಡರಲ್ಲಿ ಒಂದು ಕಡ್ಡಿ ತೆಗೆದು ಓಡಿಸಿದಳು, ಬಿತ್ತು. ಅದನ್ನು ಹಾಕಿ ಇನ್ನೊಂದನ್ನು ತೆಗೆದಳು, ಬಿತ್ತು. ಈ ಸಲ ಹತ್ತೊಂಬತ್ತು ನಿಮಿಷಕ್ಕೇ ಬಿತ್ತು. ಯಂತ್ರ ದಣಿಯುತ್ತಿದೆಯೋ, ತನ್ನನ್ನು ದಣಿಸುತ್ತಿದೆಯೋ ತಿಳಿಯಲಿಲ್ಲ. ಗ್ರಾಫಿಕ್ಸ್ ಕಾರ್ಡನ್ನು ಕಿತ್ತು, ಅದರ ಹಲ್ಲುಗಳನ್ನು ಒರೆಸಿ, ಮತ್ತೆ ಕೂರಿಸಿ, ವೈರುಗಳನ್ನು ಒತ್ತಿ ನೋಡಿದಳು. ಅಕ್ಕ ತಿಂಡಿಯ ತಟ್ಟೆ ತಂದಿಟ್ಟು ಹೋದಳು, ಅದು ಅಲ್ಲೇ ಆರಿತು.

"ಎಷ್ಟೊತ್ತಿಗಾಗುತ್ತೆ?" ಅಕ್ಕ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ಇಣುಕುತ್ತಿದ್ದಳು.

"ಆಗುತ್ತೆ."

"ಆಗುತ್ತೆ ಅಂದ್ರೆ?"

"ಅಕ್ಕಾ, ನೀನು ಹೀಗೆ ಮೇಲೆ ಬಿದ್ರೆ ನನ್ನ ಕೈ ಓಡಲ್ಲ. ಹೋಗು."

ಅಷ್ಟರಲ್ಲಿ ಭಾವ ಮತ್ತೆ ಎದ್ದಿದ್ದರು. ತೋರುಬೆರಳೆತ್ತಿ ಬಾಯಿ ತೆರೆದರು, "ನಾನು..." ಎಂಬಲ್ಲಿಗೆ ಅಕ್ಕ ಬಾಗಿಲಿನಿಂದಲೇ ಗದರಿದಳು. "ರೀ! ಗಂಟಲು! ಎಷ್ಟು ಸಲ ಹೇಳೋದು? ಅವಳ ಕೆಲಸದಲ್ಲಿ ನೀವು ಮೂಗು ತೂರಿಸಿ ಆಗಬೇಕಾದ್ದೇನಿದೆ? ಅವಳಿಗೆ ಗೊತ್ತಾಗುತ್ತೆ, ಬನ್ನಿ ಈ ಕಡೆ." ಭಾವನ ಬೆರಳು ಮಡಿಸಿಕೊಂಡಿತು. ಮಂಡಿಯಲ್ಲಿ ಇನ್ನೂರು ಜನರ ಬಾಯಿ ಮುಚ್ಚಿಸುತ್ತಿದ್ದವರು ಹೆಂಡತಿಯ ಹಿಂದೆ ಹೋಗಿ ಬಿಸಿನೀರು ಕುಡಿದು ಬಂದರು.

ಹತ್ತೂ ಐವತ್ತಕ್ಕೆ ಒಂಬತ್ತನೇ ಸಲ ಬಿತ್ತು.

ಸ್ಪ್ಯಾನರಮ್ಮ ಫೋನು ಹಿಡಿದಳು. ಬಿಡಿಭಾಗ ಕೊಟ್ಟ ಅಂಗಡಿಯವನಿಗೆ ಮಾಡಿದರೆ, ಭಾನುವಾರ ಅಂಗಡಿ ಇಲ್ಲ, ತಾನು ಊರಲ್ಲೂ ಇಲ್ಲ, ನಾಳೆ ಬನ್ನಿ ಎಂದ. ನಾಳೆ! ಕಚೇರಿಯ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಆಗುತ್ತದೆಯೇ ಎಂದು ವಿಚಾರಿಸಿದಳು, ಅದರಲ್ಲಿ ಒಳ್ಳೆಯ ಕಾರ್ಡಿಲ್ಲ, ಒಂಬತ್ತು ದಿನ ಬೇಕು. ಇಂಟರ್ನೆಟ್ಟಿನಲ್ಲಿ ಧ್ವನಿ ಕಟ್ಟಿಕೊಡುವವರ ಸರದಿ ಸಾಲು ಮೂರು ದಿನದ್ದು. ಕೊನೆಗೆ ಕಾರ್ಡಿನ ಶಕ್ತಿಗೇ ಕಡಿವಾಣ ಹಾಕಿ, ಅರ್ಧಕ್ಕೆ ಇಳಿಸಿ, ಹನ್ನೊಂದೂ ಇಪ್ಪತ್ತಕ್ಕೆ ಓಡಿಸಿದಳು.

ಇಪ್ಪತ್ತೆರಡನೇ ನಿಮಿಷ ದಾಟಿತು. ಮೂವತ್ತು ದಾಟಿತು. ಬೀಳಲಿಲ್ಲ! ಆದರೆ ಪರದೆಯ ಮೂಲೆಯಲ್ಲಿ ಮುಗಿಯುವ ಹೊತ್ತು ಸಂಜೆ ಆರೂ ಹತ್ತು ಎಂದಿತ್ತು. ಅಕ್ಕ ಆಸ್ಪತ್ರೆಗೆ ಫೋನು ಮಾಡಿ, ಏಳಕ್ಕೆ ಬರಬಹುದೇ ಎಂದು ಅಂಗಲಾಚಿದಳು. ನಾಲ್ಕಕ್ಕೆ ಬಂದು ಪರೀಕ್ಷೆಗಳನ್ನು ಮಾಡಿಸದಿದ್ದರೆ ನಾಳೆಯ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಮುಂದಿನ ದಿನಾಂಕ ಐದು ವಾರದ ನಂತರ ಎಂದು ಆ ಕಡೆಯವಳು ಹೇಳಿದಳು. ಅಕ್ಕ ಫೋನಿಟ್ಟು ಗೋಡೆಗೆ ಒರಗಿದಳು. ಅವಳ ಮುಖ ನೋಡಲಾಗದೆ ಸ್ಪ್ಯಾನರಮ್ಮ ಪರದೆಯತ್ತ ತಿರುಗಿ, ಓಡುತ್ತಿದ್ದ ಕೆಲಸವನ್ನು ತಾನೇ ನಿಲ್ಲಿಸಿದಳು.

ಆದರೂ ಒಂದು ತಿಳಿಯಿತು. ಎಳೆಯುವ ಕರೆಂಟು ಕಡಿಮೆಯಾದರೆ ಯಂತ್ರ ಓಡುತ್ತದೆ, ಹೆಚ್ಚಾದರೆ ಬೀಳುತ್ತದೆ. ಹಾಗಾದರೆ ಕಳ್ಳ ಪವರ್ ಸಪ್ಲೈ. ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ಆ ಕಬ್ಬಿಣದ ಡಬ್ಬಿ ಕ್ಯಾಬಿನೆಟ್ಟಿನ ತಳದಲ್ಲಿ ಕೂತಿತ್ತು. ಮೂರು ವರ್ಷ ಹಳತು. ಬೇರೆಯದು ಮನೆಯಲ್ಲಿಲ್ಲ, ಪೇಟೆಯಲ್ಲಿ ಇವತ್ತು ಸಿಕ್ಕುವುದಿಲ್ಲ. ಗಡಿಯಾರ ಹನ್ನೆರಡೂ ಹತ್ತು ತೋರಿಸಿತು.

ಕಳ್ಳ ಸಿಕ್ಕಿದ, ಆದರೆ ಮಾಡಲು ಏನೂ ಉಳಿದಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ಲಿಫ್ಟಿನಲ್ಲೂ ಒಬ್ಬರನ್ನೂ ಬಿಟ್ಟು ಬಂದವಳಲ್ಲ. ಈಗ ತನ್ನ ಕೈಯಾರೆ ಜೋಡಿಸಿದ ಪೆಟ್ಟಿಗೆಯೇ ಅಕ್ಕನ ಮನೆಗೆ ಮುಳುವಾಗಿ ಕೂತಿದೆ. ಸರಿಯಾಗಿ ಅದೇ ಹೊತ್ತಿಗೆ ಭಾವ ಮೂರನೆಯ ಸಲ ಎದ್ದು ಬಂದು ಅವಳ ಭುಜ ತಟ್ಟಿದರು.

ಅಷ್ಟೇ ಸಾಕಾಯಿತು.

"ಏನು ಭಾವ? ಏನು?" ಅವಳು ಸ್ಕ್ರೂಡ್ರೈವರನ್ನು ಮೇಜಿಗೆ ಕುಕ್ಕಿದಳು. "ಆಗ್ತಿಲ್ಲ ಅಂತ ಹೇಳ್ಬೇಕಾ? ಸರಿ, ಆಗ್ತಿಲ್ಲ! ಖುಷಿ ಆಯ್ತಾ? ನಿಮಗೆ ಬೇಕಾಗಿದ್ದೂ ಇದೇ ಅಲ್ವಾ? ಒಂದ್ಸಲ ಸುಗ್ಗಿ, ಒಂದ್ಸಲ ಜ್ವರ, ಈಗ ಕಂಪ್ಯೂಟರ್ ನೆವ. ಇನ್ನು ಮುಂದೂಡೋ ಹಾಗಿಲ್ಲ ಅಂತ ಡಾಕ್ಟರ್ ಅಕ್ಕನಿಗೆ ಹೇಳಿ ಕಳಿಸಿದ್ದಾರೆ, ಗೊತ್ತಾ ನಿಮಗೆ? ಧ್ವನಿ ಧ್ವನಿ ಅಂತೀರಲ್ಲ, ನೀವೇ ಇಲ್ಲದೆ ಹೋದ್ರೆ ನಿಮ್ಮ ಧ್ವನಿ ಇಟ್ಕೊಂಡು ಅವಳು ಏನು ಮಾಡ್ಬೇಕು?"

ಹೇಳಬಾರದ್ದನ್ನು ಹೇಳಿದೆನಲ್ಲ ಎಂದು ಅವಳು ನಾಲಿಗೆ ಕಚ್ಚಿಕೊಂಡಳು. ಬಾಗಿಲಲ್ಲಿ ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಭಾವ ಅವಳನ್ನೂ ನೋಡಿದರು, ಇವಳನ್ನೂ ನೋಡಿದರು. ಆಮೇಲೆ ಮಾತಾಡಿದರು. ಕಷ್ಟಪಟ್ಟು, ನಡುನಡುವೆ ಉಗುಳು ನುಂಗಿ ಮಾತಾಡಿದರು.

"ಬೆಳಗ್ಗಿಂದ ಏನು ಬದಲಾಯ್ತು, ಏನು ಬದಲಾಯ್ತು ಅಂತ ಒದರಾಡ್ತಿದ್ದೀಯ. ನನ್ನ ಕೇಳಿದ್ಯೇನೇ? ಮೂರು ಸಲ ಬಾಯಿ ತೆಗೆದೆ. ಮೂರು ಸಲಾನೂ ಮುಚ್ಚಿಸಿದ್ರಿ, ಅಕ್ಕ ತಂಗಿ ಸೇರ್ಕೊಂಡು."

ಹೇಳಿ, ಮೇಜಿನ ಮುಂದೆ ಬಾಗಿ, ಆ ಭಾರದ ಕ್ಯಾಬಿನೆಟ್ಟನ್ನು ಎರಡೂ ಕೈಯಿಂದ ಒಂದು ಪಕ್ಕಕ್ಕೆ ವಾಲಿಸಿದರು. ಅದರ ಅಡಿಯಿಂದ ದಪ್ಪನೆಯ ಸ್ಪಂಜೊಂದನ್ನು ಎಳೆದರು. ಹಳೆಯ ಹಾಸಿಗೆಯಿಂದ ಅಳತೆ ಮಾಡಿ ಕತ್ತರಿಸಿದ್ದು, ಕಪ್ಪು ಬಟ್ಟೆ ಸುತ್ತಿ ನಾಲ್ಕೂ ಮೂಲೆ ಅಚ್ಚುಕಟ್ಟಾಗಿ ಹೊಲಿದದ್ದು. ಕಪ್ಪು ಪೆಟ್ಟಿಗೆಯ ಕೆಳಗೆ ಕಪ್ಪು ಸ್ಪಂಜು, ಎದುರೇ ಇದ್ದರೂ ಕಣ್ಣಿಗೆ ಬಿದ್ದಿರಲಿಲ್ಲ.

"ಮೊದಲನೇ ದಿನ ನೀನೇ ಅಂದೆ. ಗುಂಯ್ ಅನ್ನೋ ಸದ್ದು ಮೈಕಿಗೆ ಬರ್ತಿದೆ, ಮೇಜು ನಡುಗ್ತಿದೆ ಅಂತ. ಅದಕ್ಕೆ ಇಟ್ಟೆ. ಸದ್ದು ನಿಲ್ತು. ಇದಕ್ಕೆ ಕೆಳಗಿಂದ ಗಾಳಿ ಗೀಳಿ ಬೇಕೇನೋ ಅಂತ ಕೇಳೋಣ ಅಂದ್ರೆ..." ಕೆಮ್ಮು ಬಂದು ಮಾತು ಕಡಿಯಿತು.

ಸ್ಪ್ಯಾನರಮ್ಮ ಬಗ್ಗಿದಳು. ಕ್ಯಾಬಿನೆಟ್ಟಿನ ಹೊಟ್ಟೆಯಡಿಯ ಜಾಲರಿಗೆ ಕೈ ಹಚ್ಚಿದಳು, ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಕೈ ಸುಟ್ಟಿತು. ಪವರ್ ಸಪ್ಲೈಯ ಫ್ಯಾನು ಗಾಳಿ ಎಳೆಯುವುದು ಅಲ್ಲಿಂದ. ನಾಲ್ಕು ಕಾಲುಗಳೂ ಸ್ಪಂಜಿನಲ್ಲಿ ಹೂತು, ಹೊಟ್ಟೆ ನೇರ ಅದರ ಮೇಲೆ ಕೂತು, ಒಂದು ತಿಂಗಳಿಂದ ಆ ಡಬ್ಬಿಗೆ ಉಸಿರೇ ಇಲ್ಲ. ಓದುವಾಗ ನಡೆಯಿತು, ಹೊರೆ ಬಿದ್ದ ಕೂಡಲೇ ಸತ್ತಿತು. ಪ್ರೊಸೆಸರಿಗೆ ಥರ್ಮಾಮೀಟರ್ ಇದೆ, ಕಾರ್ಡಿಗೆ ಇದೆ, ಈ ಡಬ್ಬಿಗೆ ಮಾತ್ರ ಇಲ್ಲ. ಎರಡು ಅಂಕಿ ನೋಡಿ 'ಬಿಸಿ'ಗೆ ಎರಡು ಗೀಟು ಎಳೆದ ತನ್ನ ಜಾಣತನಕ್ಕೆ ಏನು ಹೇಳುವುದು! ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಈ ಕೋಣೆಯಲ್ಲಿ ಈ ಯಂತ್ರದ ಜೊತೆ ನಾಲ್ಕು ವಾರ ಕೂತದ್ದು ಒಬ್ಬರೇ, ಅವರನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳಿದ್ದಳು. ಗಂಟಲು ಉಳಿಸುತ್ತೇವೆ ಎಂದು ಹೊರಟು, ಧ್ವನಿ ಇರುವಾಗಲೇ ಅವರನ್ನು ಮೂಗರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು.

"ತಪ್ಪಾಯ್ತು ಭಾವ," ಎಂದಳು. ಕಣ್ಣು ತುಂಬಿತು.

ಭಾವ ಗಡಿಯಾರ ತೋರಿಸಿದರು. ಅಳು ಆಮೇಲೆ, ಮೊದಲು ಕೆಲಸ.

ಹಜಾರದ ಟೇಬಲ್ ಫ್ಯಾನನ್ನು ಅಕ್ಕ ಓಡಿ ತಂದಳು. ಕ್ಯಾಬಿನೆಟ್ಟನ್ನು ಎರಡು ಮರದ ತುಂಡುಗಳ ಮೇಲೆ ಎತ್ತಿಟ್ಟು ಅಡಿಗೆ ಗಾಳಿ ಬಿಟ್ಟರು. ಹನ್ನೆರಡೂ ನಲವತ್ತೊಂದಕ್ಕೆ ಸ್ಪ್ಯಾನರಮ್ಮ ಮೂರನೇ ಹಂತದ ಗುಂಡಿ ಒತ್ತಿದಳು. ಮುಗಿಯುವ ಹೊತ್ತು ಮೂರೂ ಇಪ್ಪತ್ತಾರು ಎಂದು ತೋರಿಸಿತು. ನಾಲ್ಕು ನಿಮಿಷದ ಸಾವಕಾಶ.

ಹತ್ತೊಂಬತ್ತನೇ ನಿಮಿಷಕ್ಕೆ ಮೂವರೂ ಪರದೆಯ ಮುಂದೆ ಬಂದು ನಿಂತರು. ಇಪ್ಪತ್ತೆರಡನೇ ನಿಮಿಷ ಬಂತು. ಅಕ್ಕ ಕಣ್ಣು ಮುಚ್ಚಿದ್ದಳು. ಇಪ್ಪತ್ತಮೂರು ಬಂತು, ಇಪ್ಪತ್ತೈದು ಬಂತು. ಯಾರೂ ಹಿಗ್ಗಲಿಲ್ಲ, ಹಿಗ್ಗಿದರೆ ದೃಷ್ಟಿ ತಾಗೀತು ಎಂಬ ಭಯ. ಒಂದೂವರೆಗೆ ಭಾವ ಊಟದ ತಟ್ಟೆಯಲ್ಲಿ ಕೈಯಾಡಿಸಿ ಎದ್ದರು. ಎರಡಕ್ಕೆ ಎಲ್ಲರ ಕಣ್ಣೆದುರಿಗೇ ಪರದೆ ಕಪ್ಪಾಯಿತು.

"ಸತ್ವಿ!" ಎಂದು ಅಕ್ಕ ಚೀರಿದಳು. ಆದರೆ ಫ್ಯಾನುಗಳ ಸದ್ದು ನಿಂತಿರಲಿಲ್ಲ. ಸ್ಪ್ಯಾನರಮ್ಮ ಮೌಸ್ ಅಲುಗಿಸಿದಳು, ಪರದೆ ಬೆಳಗಿತು. ಒಂದು ಗಂಟೆ ಯಾರೂ ಮುಟ್ಟದ್ದಕ್ಕೆ ಮಾನಿಟರ್ ತಾನಾಗಿ ಮಲಗಿತ್ತು, ಅಷ್ಟೇ. ಹಿಂದೆ ಕೆಲಸ ನಡೆದೇ ಇತ್ತು. "ಮಲಗೋಕೆ ಇದಕ್ಕೆ ಇದೇ ಹೊತ್ತು ಸಿಕ್ಕಿತ್ತಾ, ದರಿದ್ರದ್ದು!" ಎಂದು ಬೈದಳು. ಭಾವ ಕುರ್ಚಿಯಲ್ಲಿ ಸದ್ದಿಲ್ಲದೆ ನಕ್ಕರು. ಆ ದಿನ ಅವರು ನಕ್ಕದ್ದು ಅದೇ ಮೊದಲು.

ಮೂರೂ ಇಪ್ಪತ್ತೆಂಟಕ್ಕೆ ಮುಗಿಯಿತು. ಕಾರು ಆಗಲೇ ಬಂದು ಹೊರಗೆ ಹಾರ್ನ್ ಮಾಡುತ್ತಿತ್ತು. ಅಕ್ಕ ಕೊನೆಯ ಬಟ್ಟೆಗಳನ್ನು ತುರುಕಲು ಒಳಗೆ ಓಡಿದಳು. ಸ್ಪ್ಯಾನರಮ್ಮ ಥೆರಪಿಸ್ಟ್ ಕೊಟ್ಟಿದ್ದ ಪರೀಕ್ಷೆಯ ವಾಕ್ಯವನ್ನು ಒತ್ತಿದಳು. "ನಮಸ್ಕಾರ. ಇವತ್ತು ಹವಾಮಾನ ಚೆನ್ನಾಗಿದೆ. ನೀವು ಹೇಗಿದ್ದೀರಿ?" ಎಂದಿತು ಕಂಪ್ಯೂಟರ್.

ಭಾವನೇ! ಗಂಟಲು ಇಷ್ಟು ಕೆಡುವ ಮೊದಲಿನ ಭಾವನ ಹಾಗೇ ಇತ್ತು.

ಭಾವನ ಮುಖ ಮಾತ್ರ ಅರಳಲಿಲ್ಲ. ಇನ್ನೊಂದು ಸಲ ಹಾಕು ಎಂದು ಸನ್ನೆ ಮಾಡಿದರು. ಕೇಳಿದರು. ತಲೆಯಾಡಿಸಿದರು. "ಇದು ನನ್ನ ಧ್ವನಿ ಅಲ್ಲ."

"ಅಯ್ಯೋ ಭಾವ, ನಿಮ್ದೇ! ಅವರವರ ಧ್ವನಿ ಅವರವರಿಗೆ ಬೇರೆ ಥರಾನೇ ಕೇಳ್ಸುತ್ತೆ."

"ಅಲ್ಲ ಕಣೇ. ಇದು ಯಾರೋ ಆಫೀಸರು. ನಾನು ಹೀಗಿಲ್ಲ." ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೈಕಟ್ಟಿದರು. ಆ ಕೈಕಟ್ಟನ್ನು ಅವಳು ಬಲ್ಲಳು. ಹೋದ ಸಲ ಕಾರು ಬಂದಾಗಲೂ ಹೀಗೇ ಕಟ್ಟಿದ್ದರು. ಹೊರಗೆ ಹಾರ್ನ್ ಮತ್ತೆ ಕೂಗಿತು.

ನೆವವಲ್ಲ, ಹೆದರಿಕೆ ಎಂದು ಅವಳಿಗೆ ಆಗ ಹೊಳೆಯಿತು. ಈ ಮನುಷ್ಯ ಹೆದರಿ ಹಣ್ಣಾಗಿದ್ದಾರೆ. ನಾಳೆಯಿಂದ ಈ ಮನೆಯಲ್ಲಿ ತಾನು ಯಾರು ಎಂದು ಅವರಿಗೇ ತಿಳಿಯುತ್ತಿಲ್ಲ. ವಾದಕ್ಕೆ ಹೊತ್ತಿಲ್ಲ, ವಾದದಿಂದ ಆಗುವಂಥದ್ದೂ ಅಲ್ಲ. ಅವರ ಧ್ವನಿ ಹೌದೋ ಅಲ್ಲವೋ ಎಂದು ಹೇಳಲು ಅವರೇ ತಕ್ಕವರಲ್ಲ. ತಕ್ಕವಳು ಒಳಗೆ ಬಟ್ಟೆ ತುರುಕುತ್ತಿದ್ದಾಳೆ.

ಅವಳು ಕೀಬೋರ್ಡ್ ಎಳೆದುಕೊಂಡು ಟೈಪ್ ಮಾಡಿದಳು. ಭಾವ ಬಗ್ಗಿ ಓದಿ, ಬೇಡ ಬೇಡ ಎಂದು ಅವಳ ಕೈ ಹಿಡಿಯಲು ಬಂದರು. ಅವಳು ಮೊಣಕೈಯಿಂದ ಅವರನ್ನು ತಡೆದು, ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಒತ್ತಿಯೇಬಿಟ್ಟಳು.

"ಲೇ, ಇವಳೇ! ನನ್ನ ಕನ್ನಡಕ ಎಲ್ಲಿಟ್ಟೆ?"

"ನಾನ್ಯಾಕೆ ಇಡ್ಲಿ!" ಒಳಗಿನಿಂದ ಒಡನೆಯೇ ಬಂತು ಅಕ್ಕನ ಉತ್ತರ, ಸಿಡಿಮಿಡಿಯಿಂದ. "ತಲೆ ಮೇಲೆ ನೋಡ್ಕೊಳ್ಳಿ, ಅಲ್ಲೇ ಇರುತ್ತೆ! ಹೊರಡೋ ಹೊತ್ತಲ್ಲೂ ನಿಮ್ಮ ಗಲಾಟೆ ತಪ್ಪಲ್ವಲ್ಲ. ಅದಿರ್ಲಿ, ಮಾತಾಡ್ಬೇಡಿ ಅಂತ ಬೆಳಗ್ಗಿಂದ ಬಡ್ಕೊಳ್ತಿದ್ದೀನಿ, ಹಿಂಗೆ ಅರಚ್ತೀರಲ್ರೀ, ಗಂಟಲು ಏನಾಗ್ಬೇಕು? ನಿಮ್ಮಂಥ ಮೊಂಡರನ್ನ ನಾನು..."

ಬೈಯುತ್ತಲೇ ಬ್ಯಾಗು ಹೊತ್ತು ಬಾಗಿಲಿಗೆ ಬಂದಳು. ಭಾವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು, ಭುಜ ಕುಲುಕುತ್ತಿತ್ತು, ಕಣ್ಣಿನಿಂದ ನೀರು ಬೆರಳುಗಳ ಮೇಲೆ ಇಳಿಯುತ್ತಿತ್ತು. ಅಕ್ಕ ಗಂಡನ ಮುಚ್ಚಿದ ಬಾಯಿ ನೋಡಿದಳು, ಸ್ಪೀಕರ್ ನೋಡಿದಳು, ತಂಗಿಯ ಮುಖ ನೋಡಿದಳು. ಬೈಗುಳ ಅರ್ಧಕ್ಕೇ ನಿಂತಿತು.

"ಅಯ್ಯೋ ನಿಮ್ಮ!" ಎಂದಳು. "ನೀವಲ್ವಾ?" ಆಮೇಲೆ ತಂಗಿಯ ಬೆನ್ನಿಗೆ ಒಂದು ಗುದ್ದು ಗುದ್ದಿ, ಅದೇ ಬೆನ್ನಿಗೆ ಹಣೆ ಹಚ್ಚಿ ಬಿಕ್ಕಿದಳು.

ಭಾವ ಮುಖ ಒರೆಸಿಕೊಂಡರು. ಹೆಂಡತಿಯ ಕೈಯಿಂದ ಬ್ಯಾಗನ್ನು ಬಿಡಿಸಿ ತಮ್ಮ ಹೆಗಲಿಗೆ ಹಾಕಿಕೊಂಡು, ಅವರಿಬ್ಬರಿಗೂ ಕಾಯದೆ ಹೊಸ್ತಿಲು ದಾಟಿ ಮೆಟ್ಟಿಲಿಳಿದರು. ಅಕ್ಕ ತಂಗಿ ಬೀಗ ಹಾಕಿ ಬರುವಷ್ಟರಲ್ಲಿ ಅವರು ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡಾಗಿತ್ತು.